ಬ್ಯಾಟರಿ ಬದಲಿಸುವ ಮೊದಲು



ನಮ್ಮ ಅಕ್ಕಲಕೋಟ, ಜತ್ತ ಭಾಗದ ಊರುಗಳಲ್ಲಿ ಗಾಡಿ ಇಟ್ಟವರು ಬಹಳ ಮಂದಿ ಇದ್ದಾರೆ. ಕೆಲವರು ವಡಾಪ್ ಜೀಪು ಓಡಿಸುತ್ತಾರೆ. ಕೆಲವರು ಟಂಟಂ ಇಟ್ಟು ಕಾಯಿಪಲ್ಲೆ ಒಯ್ಯುತ್ತಾರೆ. ಇನ್ನು ಕೆಲವರ ಮನೆಯಲ್ಲಿ ಹಳೆಯ ಕಾರು ಇದೆ. ಇವರೆಲ್ಲರಿಗೂ ಒಂದು ತ್ರಾಸು ಗೊತ್ತು. ಮುಂಜಾನೆ ಎದ್ದು ಕೀಲಿ ತಿರುಗಿಸಿದರೆ ಗಾಡಿ ಚಾಲು ಆಗುವುದಿಲ್ಲ. "ಟಕ್" ಅಂತ ಒಂದು ಸದ್ದು. ಅಷ್ಟೇ.

ಆಗ ಎಲ್ಲರೂ ಒಂದೇ ಮಾತು ಹೇಳುತ್ತಾರೆ. "ಬ್ಯಾಟರಿ ಹೋತು. ಹೊಸದು ಹಾಕ್ರಿ."

ನಿಜವಾಗಿಯೂ ಬ್ಯಾಟರಿ ಹೋಗಿದೆಯೇ? ಐದಾರು ಸಾವಿರ ರೂಪಾಯಿ ಕೊಡುವ ಮೊದಲು ಇದನ್ನು ತಿಳಿಯುವುದು ಹೇಗೆ? ಈ ಪಾಠದಲ್ಲಿ ಅದನ್ನೇ ನೋಡೋಣ.

ಒಬ್ಬ ಕಾಕಾನ ಕಥೆ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಕಾಕಾ ಬರುತ್ತಾರೆ. ವಯಸ್ಸು ಐವತ್ತು ದಾಟಿದೆ. ಹಳೆಯ ಜೀಪು ಓಡಿಸಿ ಸಂಸಾರ ನಡೆಸಿದವರು. ಸಾಲಿ ಮೆಟ್ಟಿಲು ಹತ್ತಿರಲಿಲ್ಲ. ಈಗ ನಮ್ಮಲ್ಲಿ ಕೂತು ಕಾಗುಣಿತ ಮುಗಿಸಿದ್ದಾರೆ. ಬಿಲ್ಲು ಓದುತ್ತಾರೆ.

ಬೇಸಿಗೆಯಲ್ಲಿ ಅವರ ಜೀಪಿನ ಬ್ಯಾಟರಿ ನಿಲ್ಲದಂತಾಯಿತು. ರಾತ್ರಿ ನಿಲ್ಲಿಸಿದರೆ ಮುಂಜಾನೆ ಸತ್ತೇ ಹೋಗಿರುತ್ತಿತ್ತು. ಕಾಕಾ ಅಂಗಡಿಗೆ ಹೋದರು. ಹಳೆಯ ಬ್ಯಾಟರಿ ಕೊಟ್ಟು, ಮೇಲೆ ರೊಕ್ಕ ಕೊಟ್ಟು, ಹೊಸದು ತಂದರು. ಎಂಟು ದಿನ ಚೆನ್ನಾಗಿ ನಡೆಯಿತು. ಒಂಬತ್ತನೇ ದಿನ ಮತ್ತೆ "ಟಕ್".

ಅಂಗಡಿಯವನು ಬ್ಯಾಟರಿ ಚಾರ್ಜ್ ಮಾಡಿ ಕೊಟ್ಟ. ವಾರ ಕಳೆಯುವುದರೊಳಗೆ ಮತ್ತೆ ಅದೇ ಹಾಡು. "ನನಗ ಮೋಸ ಮಾಡ್ಯಾನ್ರಿ ಸರ, ಹಳೇ ಬ್ಯಾಟರಿಗೆ ಬಣ್ಣ ಹಚ್ಚಿ ಕೊಟ್ಟಾನ" ಎಂದು ಕಾಕಾ ನನ್ನ ಮುಂದೆ ಕೂತು ಹೇಳಿದರು.

ಅದೇ ವಾರ ಒಂದು ರಾತ್ರಿ ಅವರ ಸೊಸೆಗೆ ಹೆರಿಗೆ ನೋವು ಬಂತು. ಆಸ್ಪತ್ರೆ ದೂರ. ಜೀಪು ಬಾಗಿಲ ಮುಂದೆಯೇ ಇದೆ, ಚಾಲು ಆಗುತ್ತಿಲ್ಲ. ಓಣಿಯ ಎಂಟು ಮಂದಿ ಎದ್ದು ಬಂದು ನೂಕಿದರು. ಇಳಿಜಾರಿನಲ್ಲಿ ಗಾಡಿ ಹತ್ತಿತು. ಆಸ್ಪತ್ರೆ ಮುಟ್ಟುವ ತನಕ ಕಾಕಾ ಎಂಜಿನ್ ಬಂದ್ ಮಾಡಲಿಲ್ಲ. ತಾಯಿ, ಕೂಸು ಇಬ್ಬರೂ ಉಳಿದರು.

"ಅವತ್ತ ನೂಕಾಕ ಮಂದಿ ಇರಲಿಲ್ಲಂದ್ರ?" ಎಂದು ಕಾಕಾ ಕೇಳಿದರು. ನಾನು ಸುಮ್ಮನೆ ಕೂತೆ.

ನಾನು ಬಿ.ಎ. ಓದಿದವನು. ಬ್ಯಾಟರಿ ವಿದ್ಯೆ ನನಗೂ ಗೊತ್ತಿರಲಿಲ್ಲ. ಪರಿಚಯದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಕೂತೆವು. ಅವರು ನಮಗೆ ಕಲಿಸಿದ್ದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಹರವಿಯ ಲೆಕ್ಕ

ಬ್ಯಾಟರಿ ಅಂದರೆ ನೀರಿನ ಹರವಿ ಇದ್ದ ಹಾಗೆ ಎಂದು ತಿಳಿಯಿರಿ.

ಮನೆಯ ಹರವಿ ಖಾಲಿ ಆಗಿದೆ. ಯಾಕೆ? ಕಾರಣ ನಾಲ್ಕು ಇರಬಹುದು.

೧. ನೀರು ತಂದು ಹಾಕುವವರೇ ಇಲ್ಲ.
೨. ತಂದರೂ ದಾರಿಯಲ್ಲಿ ಚೆಲ್ಲಿ ಹೋಗುತ್ತಿದೆ.
೩. ರಾತ್ರಿ ಯಾರೋ ನೀರು ತೆಗೆದುಕೊಳ್ಳುತ್ತಿದ್ದಾರೆ.
೪. ಹರವಿಯೇ ಒಡೆದಿದೆ.

ಗಾಡಿಯಲ್ಲಿಯೂ ಹೀಗೆಯೇ. ಎಂಜಿನ್ ತಿರುಗುವಾಗ ಒಂದು ಯಂತ್ರ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬುತ್ತದೆ. ಅದರ ಹೆಸರು ಆಲ್ಟರ್ನೇಟರ್. ನಮ್ಮ ಕಡೆ ಡೈನಮೋ ಅಂತಲೂ ಅನ್ನುತ್ತಾರೆ. ಅದು ನೀರು ತರುವವರು. ವೈರು ಮತ್ತು ಟರ್ಮಿನಲ್ ದಾರಿ ಇದ್ದ ಹಾಗೆ. ಗಾಡಿ ನಿಂತಾಗಲೂ ಹತ್ತಿರುವ ಲೈಟು, ಟೇಪು, ಚಾರ್ಜರು ರಾತ್ರಿ ನೀರು ಒಯ್ಯುವವರು. ಹರವಿ ಅಂದರೆ ಬ್ಯಾಟರಿ.

ಹರವಿ ಖಾಲಿ ಆದ ಮಾತ್ರಕ್ಕೆ ಹರವಿ ಒಡೆದಿದೆ ಎಂದು ಹೇಳಲು ಬರುವುದಿಲ್ಲ. ಕಾಕಾ ತಪ್ಪಿದ್ದು ಇಲ್ಲಿಯೇ. ನಾವೂ ತಪ್ಪುವುದು ಇಲ್ಲಿಯೇ.

ಬ್ಯಾಟರಿಯೊಳಗೆ ಏನಿದೆ?

ಇಂಥ ಬ್ಯಾಟರಿಯನ್ನು ಮೊದಲು ಮಾಡಿದವರು ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ. ಅದು ೧೮೫೯ನೇ ಇಸವಿ. ಮೂಲ ವಿದ್ಯೆ ಇಂದಿಗೂ ಅದೇ ಇದೆ.

ಕಾರು, ಜೀಪಿನ ಬ್ಯಾಟರಿಯೊಳಗೆ ಆರು ಮನೆಗಳಿವೆ. ಇವಕ್ಕೆ ಸೆಲ್ ಎನ್ನುತ್ತಾರೆ. ಪ್ರತಿ ಸೆಲ್ಲಿನಲ್ಲಿ ಸೀಸದ ತಟ್ಟೆಗಳಿವೆ. ತಟ್ಟೆಗಳು ಗಂಧಕಾಮ್ಲ ಬೆರೆಸಿದ ನೀರಿನಲ್ಲಿ ಮುಳುಗಿರುತ್ತವೆ. ಒಂದು ಸೆಲ್ ಸುಮಾರು ೨.೧ ವೋಲ್ಟ್ ಕೊಡುತ್ತದೆ. ಆರು ಸೆಲ್ ಸೇರಿದರೆ ೧೨.೬ ವೋಲ್ಟ್. ಇದಕ್ಕೇ "೧೨ ವೋಲ್ಟಿನ ಬ್ಯಾಟರಿ" ಎಂದು ಕರೆಯುತ್ತಾರೆ.

ಬ್ಯಾಟರಿ ಖಾಲಿ ಆಗುತ್ತಾ ಹೋದಂತೆ ತಟ್ಟೆಗಳ ಮೇಲೆ ಬಿಳಿಯ ಪದರು ಕೂಡುತ್ತದೆ. ಬೇಗ ಚಾರ್ಜ್ ಮಾಡಿದರೆ ಆ ಪದರು ಕರಗುತ್ತದೆ. ಖಾಲಿ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಪದರು ಗಟ್ಟಿ ಆಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಬ್ಯಾಟರಿ ಹಿಡಿಯುವುದಿಲ್ಲ.

ಬ್ಯಾಟರಿಗೆ ಇನ್ನೊಂದು ಶತ್ರು ಬಿಸಿಲು. ನಮ್ಮ ಸೊಲ್ಲಾಪುರ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ೪೦ ಡಿಗ್ರಿ ದಾಟುತ್ತದೆ. ಆಗ ಬ್ಯಾಟರಿಯ ನೀರು ಬೇಗ ಆರುತ್ತದೆ. ತಟ್ಟೆಗಳೂ ಬೇಗ ಸವೆಯುತ್ತವೆ. ಬ್ಯಾಟರಿ ಸಾಮಾನ್ಯವಾಗಿ ೩ರಿಂದ ೫ ವರ್ಷ ಬಾಳುತ್ತದೆ. ಬಿಸಿಲು ನಾಡಿನಲ್ಲಿ ಕಡಿಮೆಯೇ ಎಂದು ಹಿಡಿಯಿರಿ. ಆದ್ದರಿಂದ ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿರಿ.

ಮೊದಲು ಜೀವ, ಆಮೇಲೆ ಗಾಡಿ

ಬ್ಯಾಟರಿಗೆ ಕೈ ಹಚ್ಚುವ ಮೊದಲು ಇವನ್ನು ಪಾಲಿಸಿರಿ.

• ಬೀಡಿ, ಸಿಗರೇಟು, ಕಡ್ಡಿಪೆಟ್ಟಿಗೆ ಹತ್ತಿರ ತರಬೇಡಿರಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಎಂಬ ಗಾಳಿ ಬರುತ್ತದೆ. ಕಿಡಿ ತಾಗಿದರೆ ಸಿಡಿಯುತ್ತದೆ. ನೀರು ನೋಡಲು ಕಡ್ಡಿ ಗೀರುವುದು ಬೇಡ. ಟಾರ್ಚ್ ಬಳಸಿರಿ.
• ಉಂಗುರ, ಕೈಗಡಿಯಾರ, ಲೋಹದ ಬಳೆ ತೆಗೆದಿಡಿರಿ.
• ಕೀಲಿ ಬಂದ್ ಮಾಡಿರಿ.
• ಬಿಚ್ಚುವಾಗ ಮೊದಲು ಮೈನಸ್ (−) ಬಿಚ್ಚಿರಿ. ಹಾಕುವಾಗ ಮೊದಲು ಪ್ಲಸ್ (+) ಹಾಕಿರಿ, ಕೊನೆಗೆ ಮೈನಸ್ ಹಾಕಿರಿ. ಹೀಗೆ ಮಾಡಿದರೆ ಪಾನಾ ಗಾಡಿಯ ಮೈಗೆ ತಾಗಿದರೂ ಕಿಡಿ ಹಾರುವುದಿಲ್ಲ.
• ಆಸಿಡ್ ಮೈಗೆ ಬಿದ್ದರೆ ಕೂಡಲೇ ಬಹಳ ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಕಡಿಮೆ ಎಂದರೂ ೧೫ ನಿಮಿಷ ಸ್ವಚ್ಛ ನೀರು ಬಿಡುತ್ತಾ ತೊಳೆಯಿರಿ. ಕಣ್ಣು ತಿಕ್ಕಬೇಡಿರಿ. ತಡಮಾಡದೆ ದವಾಖಾನೆಗೆ ಹೋಗಿರಿ.

ಪರೀಕ್ಷೆ ಒಂದು: ಕಣ್ಣಿನಿಂದ ನೋಡುವುದು

ಬಾನೆಟ್ ಎತ್ತಿರಿ. ಟರ್ಮಿನಲ್ ನೋಡಿರಿ. ಅಲ್ಲಿ ಬಿಳಿ ಅಥವಾ ಹಸಿರು ಪುಡಿ ಕೂತಿದೆಯೇ? ಹಿಡಿದು ಅಲುಗಾಡಿಸಿದರೆ ಸಡಿಲ ಇದೆಯೇ? ಹಾಗಿದ್ದರೆ ದಾರಿಯಲ್ಲಿಯೇ ನೀರು ಚೆಲ್ಲುತ್ತಿದೆ ಎಂದು ತಿಳಿಯಿರಿ.

ಟರ್ಮಿನಲ್ ಬಿಚ್ಚಿರಿ. ಬಿಸಿನೀರಿನಲ್ಲಿ ತಿನ್ನುವ ಸೋಡಾ ಕಲಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿರಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಮುಚ್ಚಳಗಳು ಬಿಗಿಯಾಗಿರಲಿ. ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿರಿ.

ಮೈನಸ್ ವೈರು ಗಾಡಿಯ ಮೈಗೆ ಕೂಡುವ ಜಾಗವನ್ನೂ ನೋಡಿರಿ. ಅಲ್ಲಿ ಜಂಗು ಹಿಡಿದಿದ್ದರೆ ಪಾಲಿಶ್ ಕಾಗದದಿಂದ ತಿಕ್ಕಿರಿ. ಎಷ್ಟೋ ಗಾಡಿಗಳು ಇಷ್ಟಕ್ಕೇ ಚಾಲು ಆಗುತ್ತವೆ. ಖರ್ಚು ಒಂದು ಚಮಚ ಸೋಡಾ.

ಇನ್ನು ನೀರು ನೋಡಿರಿ. ಮುಚ್ಚಳ ಬಿಚ್ಚುವ ಬ್ಯಾಟರಿ ಇದ್ದರೆ ಅದರ ಮೈಮೇಲೆ ಎರಡು ಗೆರೆ ಇರುತ್ತವೆ. ನೀರು ಎರಡು ಗೆರೆಗಳ ನಡುವೆ ಇರಬೇಕು. ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿರಿ. ಬೋರಿನ ನೀರು, ನಳದ ನೀರು, ಕುಡಿಯುವ ಬಾಟಲಿ ನೀರು ಬೇಡ. ಅದರಲ್ಲಿರುವ ಉಪ್ಪು ತಟ್ಟೆ ಕೆಡಿಸುತ್ತದೆ. ಆಸಿಡ್ ಅಂತೂ ಹಾಕಲೇಬೇಡಿರಿ. ಆರುವುದು ನೀರು ಮಾತ್ರ, ಆಸಿಡ್ ಒಳಗೇ ಉಳಿದಿರುತ್ತದೆ.

ಕೆಲವು ಬ್ಯಾಟರಿಗೆ ಮುಚ್ಚಳವೇ ಇರುವುದಿಲ್ಲ. ಅಂಥದನ್ನು ಕೆತ್ತಿ ತೆಗೆಯಬೇಡಿರಿ.

ಪರೀಕ್ಷೆ ಎರಡು: ಮೀಟರಿನಿಂದ ಓದುವುದು

ಮಲ್ಟಿಮೀಟರ್ ಎಂಬ ಸಣ್ಣ ಯಂತ್ರ ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುತ್ತದೆ. ಸಾದಾ ಮೀಟರಿಗೆ ಇನ್ನೂರು ಮುನ್ನೂರು ರೂಪಾಯಿ. ನಾಲ್ಕು ಮಂದಿ ಸೇರಿ ಒಂದು ತಂದರೂ ಸಾಕು.

ಮೀಟರಿನ ಗುಂಡಿಯನ್ನು ಡಿ.ಸಿ. ವೋಲ್ಟಿನ ಭಾಗದಲ್ಲಿ ೨೦ಕ್ಕೆ ತಿರುಗಿಸಿರಿ. ಕಪ್ಪು ವೈರು "ಕಾಮ್" ತೂತಿನಲ್ಲಿ, ಕೆಂಪು ವೈರು ವೋಲ್ಟಿನ ತೂತಿನಲ್ಲಿ ಇರಬೇಕು. "೧೦ ಆಂಪಿಯರ್" ಎಂಬ ತೂತಿನಲ್ಲಿ ಕೆಂಪು ವೈರು ಇಟ್ಟು ಬ್ಯಾಟರಿಗೆ ಮುಟ್ಟಿಸಬೇಡಿರಿ. ಮೀಟರ್ ಸುಡುತ್ತದೆ. ಈಗ ಕೆಂಪು ಮೊನೆ ಪ್ಲಸ್‌ಗೆ, ಕಪ್ಪು ಮೊನೆ ಮೈನಸ್‌ಗೆ ಹಿಡಿಯಿರಿ.

ಗಾಡಿ ಬಂದ್ ಮಾಡಿ ರಾತ್ರಿಯೆಲ್ಲ ಬಿಟ್ಟು, ಮುಂಜಾನೆ ಓದಿರಿ. ಗಾಡಿ ನಿಂತ ಕೂಡಲೇ ಓದಿದರೆ ಅಂಕಿ ಸುಳ್ಳು ಹೇಳುತ್ತದೆ.

೧೨.೬ ಅಥವಾ ಹೆಚ್ಚು – ಹರವಿ ತುಂಬಿದೆ
೧೨.೪ – ಮುಕ್ಕಾಲು ಇದೆ
೧೨.೨ – ಅರ್ಧ ಇದೆ
೧೨.೦ – ಕಾಲು ಭಾಗ ಇದೆ
೧೧.೯ಕ್ಕಿಂತ ಕಡಿಮೆ – ಖಾಲಿ

ಇಲ್ಲಿ ಒಂದು ಮಾತು. ಬಿಂದುವಿನ ಮುಂದಿನ ಅಂಕಿಯನ್ನು ನಿಧಾನವಾಗಿ ಓದಿರಿ. ೧೨.೬೦ ಬೇರೆ, ೧೨.೦೬ ಬೇರೆ. ಎರಡರಲ್ಲೂ ಅಂಕಿ ಅವೇ. ಆದರೆ ೧೨.೬೦ ಎಂದರೆ ತುಂಬಿದ ಬ್ಯಾಟರಿ. ೧೨.೦೬ ಎಂದರೆ ಮುಕ್ಕಾಲು ಭಾಗದಷ್ಟು ಖಾಲಿ ಆದ ಬ್ಯಾಟರಿ. ಸೊನ್ನೆ ಎಲ್ಲಿದೆ ನೋಡಿರಿ. ಕಾಕಾ ಮೊದಲ ಸಲ ಇಲ್ಲಿಯೇ ಎಡವಿದರು. "ಹನ್ನೆರಡು ಬಿಂದು ಆರು ಐತ್ರಿ ಸರ, ಫುಲ್ ಐತಿ" ಎಂದರು. ನೋಡಿದರೆ ೧೨.೦೬ ಇತ್ತು.

ಮೀಟರಿನಲ್ಲಿ ಅಂಕಿಗಳು ಇಂಗ್ಲಿಷ್ ರೂಪದಲ್ಲಿ ಬರುತ್ತವೆ. ಮೊಬೈಲಿನಲ್ಲಿ ನಂಬರು ಓದುವವರಿಗೆ ಅದೇನು ಕಷ್ಟವಲ್ಲ.

ಇನ್ನು ಒಬ್ಬರು ಮೀಟರ್ ಹಿಡಿದಿರಲಿ. ಇನ್ನೊಬ್ಬರು ಕೀಲಿ ತಿರುಗಿಸಲಿ. ಸ್ಟಾರ್ಟರ್ ತಿರುಗುವ ಗಳಿಗೆಯಲ್ಲಿ ನೂರಕ್ಕಿಂತ ಹೆಚ್ಚು ಆಂಪಿಯರ್ ಕರೆಂಟು ಎಳೆಯುತ್ತದೆ. ಆಗ ಅಂಕಿ ಇಳಿಯುವುದು ಸಹಜ. ಆದರೆ ಸುಮಾರು ೯.೬ಕ್ಕಿಂತ ಕೆಳಗೆ ಹೋಗಬಾರದು. ತುಂಬಿದ ಬ್ಯಾಟರಿಯೂ ಏಳು, ಎಂಟಕ್ಕೆ ಇಳಿದರೆ ಬ್ಯಾಟರಿಗೆ ಶಕ್ತಿ ಇಲ್ಲ ಎಂದು ಅರ್ಥ.

ಪರೀಕ್ಷೆ ಮೂರು: ತುಂಬುವವರು ಬರುತ್ತಿದ್ದಾರೆಯೇ?

ಎಂಜಿನ್ ಚಾಲು ಇರುವಾಗ ಮತ್ತೆ ಓದಿರಿ. ಕೈ, ಸೆರಗು, ವೈರು ಯಾವುದೂ ತಿರುಗುವ ಬೆಲ್ಟಿನ ಹತ್ತಿರ ಹೋಗದಂತೆ ಎಚ್ಚರ ಇರಲಿ.

ಈಗ ಅಂಕಿ ೧೩.೮ರಿಂದ ೧೪.೫ರ ಒಳಗೆ ಇರಬೇಕು. ಹೀಗಿದ್ದರೆ ಬ್ಯಾಟರಿ ತುಂಬುತ್ತಿದೆ ಎಂದು ಅರ್ಥ. ಎಂಜಿನ್ ಚಾಲು ಇದ್ದರೂ ೧೨ರ ಆಸುಪಾಸಿನಲ್ಲೇ ಇದ್ದರೆ ಹರವಿಗೆ ನೀರು ಬೀಳುತ್ತಿಲ್ಲ. ಆಗ ಬೆಲ್ಟ್ ಸಡಿಲ ಇದೆಯೇ, ಹರಿದಿದೆಯೇ ನೋಡಿಸಿರಿ. ಆಲ್ಟರ್ನೇಟರಿನ ಹಿಂದಿನ ವೈರು ನೋಡಿಸಿರಿ. ಕೊನೆಗೆ ಆಲ್ಟರ್ನೇಟರನ್ನೇ ಪರೀಕ್ಷೆ ಮಾಡಿಸಿರಿ.

ಅಂಕಿ ೧೫ ದಾಟಿದರೂ ಕೇಡು. ಹರವಿಗೆ ಮಿತಿ ಮೀರಿ ನೀರು ಸುರಿದಂತೆ. ಬ್ಯಾಟರಿ ಬಿಸಿ ಆಗುತ್ತದೆ. ಒಳಗಿನ ನೀರು ಕುದಿದು ಆರುತ್ತದೆ. ಕೊಳೆತ ತತ್ತಿಯಂಥ ವಾಸನೆ ಬರಬಹುದು. ವಾಸನೆ ಬಂದರೆ ಗಾಡಿ ಬಂದ್ ಮಾಡಿ ದೂರ ಸರಿಯಿರಿ.

ಗಾಡಿಯ ಮೀಟರ್ ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಇರುತ್ತದೆ. ಕೀಲಿ ಹಾಕಿದಾಗ ಅದು ಹತ್ತಬೇಕು. ಎಂಜಿನ್ ಚಾಲು ಆದ ಕೂಡಲೇ ಆರಬೇಕು. ಓಡುವಾಗಲೂ ಹತ್ತಿಯೇ ಇದ್ದರೆ ಚಾರ್ಜ್ ಆಗುತ್ತಿಲ್ಲ ಎಂದು ಅದು ನಿಮಗೆ ಹೇಳುತ್ತಿದೆ.

ಕೆಲವರು ಎಂಜಿನ್ ಓಡುವಾಗಲೇ ಬ್ಯಾಟರಿಯ ವೈರು ಕಿತ್ತು ನೋಡುತ್ತಾರೆ. ಇದು ಹಳೆಯ ರೂಢಿ. ಹಾಗೆ ಮಾಡಬೇಡಿರಿ. ಈಗಿನ ಗಾಡಿಗಳಲ್ಲಿರುವ ಎಲೆಕ್ಟ್ರಾನಿಕ್ ಭಾಗಗಳು ಸುಡಬಹುದು.

ಪರೀಕ್ಷೆ ನಾಲ್ಕು: ರಾತ್ರಿ ಕಳ್ಳ

ಗಾಡಿ ನಿಂತಿದ್ದರೂ ಸ್ವಲ್ಪ ಕರೆಂಟು ಹರಿಯುತ್ತದೆ. ಗಡಿಯಾರ, ಲಾಕು ಇವಕ್ಕೆ ಬೇಕು. ಅದು ೦.೦೫ ಆಂಪಿಯರಿಗಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ.

ಆಮೇಲೆ ಕೂಡಿಸಿದ ಟೇಪು, ಬಣ್ಣದ ಲೈಟು, ಬಾಗಿಲು ಮುಚ್ಚಿದರೂ ಆರದ ಒಳಗಿನ ದೀಪ, ಇವು ಕಳ್ಳರು. ಲೆಕ್ಕ ಮಾಡಿ ನೋಡಿರಿ. ೪೦ ಆಂಪಿಯರ್-ಅವರ್ ಬ್ಯಾಟರಿ ಇದೆ. ಅರ್ಧ ಆಂಪಿಯರ್ ಎಳೆಯುವ ಒಂದು ದೀಪ ಹತ್ತಿಯೇ ಉಳಿದಿದೆ.

೦.೫ × ೨೪ ತಾಸು = ೧೨
ಎರಡು ದಿನಕ್ಕೆ ೨೪
೪೦ – ೨೪ = ೧೬

ಎರಡೇ ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿ. ಮೂರನೆಯ ಮುಂಜಾನೆ ಗಾಡಿ ಹತ್ತುವುದೇ ಕಷ್ಟ.

ಕಳ್ಳನನ್ನು ಹಿಡಿಯುವ ಸುಲಭ ಉಪಾಯ ಇದೆ. ಬ್ಯಾಟರಿಯನ್ನು ಪೂರಾ ಚಾರ್ಜ್ ಮಾಡಿಸಿರಿ. ರಾತ್ರಿ ಮೈನಸ್ ವೈರು ಬಿಚ್ಚಿ ಇಡಿರಿ. ಮುಂಜಾನೆ ಮೀಟರ್ ಹಿಡಿದು ಓದಿ, ಆಮೇಲೆ ವೈರು ಕೂಡಿಸಿ ಚಾಲು ಮಾಡಿರಿ.

ಅಂಕಿ ೧೨.೬ರ ಆಸುಪಾಸಿನಲ್ಲೇ ಉಳಿದು ಗಾಡಿ ಗಪ್ಪನೆ ಹತ್ತಿದರೆ ಬ್ಯಾಟರಿ ಗಟ್ಟಿ ಇದೆ. ಹಾಗಿದ್ದರೂ ವೈರು ಬಿಚ್ಚದ ದಿನ ಸಾಯುತ್ತದೆ ಎಂದರೆ ಕಳ್ಳ ಗಾಡಿಯಲ್ಲಿದ್ದಾನೆ. ಎಲೆಕ್ಟ್ರಿಷಿಯನ್ ಒಂದೊಂದೇ ಫ್ಯೂಜ್ ತೆಗೆದು ಹುಡುಕುತ್ತಾರೆ. ವೈರು ಬಿಚ್ಚಿಟ್ಟರೂ ಅಂಕಿ ಬಹಳ ಇಳಿದಿದ್ದರೆ ಹರವಿಯೇ ಒಡೆದಿದೆ.

ಪೂರಾ ಚಾರ್ಜ್ ಆದ ಮೇಲೂ ಅಂಕಿ ೧೦.೫ರ ಹತ್ತಿರ ನಿಂತರೆ ಆರರಲ್ಲಿ ಒಂದು ಸೆಲ್ ಸತ್ತಿದೆ ಎಂದು ತಿಳಿಯಿರಿ. ಲೆಕ್ಕ ಸರಳ. ೧೨.೬ರಲ್ಲಿ ೨.೧ ಕಳೆಯಿರಿ. ಅಂಥ ಬ್ಯಾಟರಿಗೆ ಔಷಧ ಇಲ್ಲ. ಬದಲಿಸಲೇಬೇಕು.

ಎಲ್ಲ ಸರಿ ಇದ್ದರೂ ಒಂದು ಕಾರಣ ಉಳಿಯುತ್ತದೆ. ಅದು ನಮ್ಮ ಓಡಿಸುವ ರೀತಿ. ಎರಡು ಕಿಲೋಮೀಟರ್ ಹೋಗುವುದು, ಬಂದ್ ಮಾಡುವುದು, ಮತ್ತೆ ಚಾಲು ಮಾಡುವುದು. ಚಾಲು ಮಾಡಲು ತೆಗೆದ ಕರೆಂಟು ಅಷ್ಟರಲ್ಲಿ ತಿರುಗಿ ತುಂಬುವುದಿಲ್ಲ. ವಾರಕ್ಕೆ ಒಮ್ಮೆಯಾದರೂ ಅರ್ಧ ಮುಕ್ಕಾಲು ತಾಸು ಗಾಡಿ ಓಡಲಿ.

ಕಾಕಾನ ಜೀಪಿನಲ್ಲಿ ಏನು ಸಿಕ್ಕಿತು?

ಎಂಜಿನ್ ಚಾಲು ಮಾಡಿ ಮೀಟರ್ ಹಿಡಿದೆವು. ೧೨.೦ ಬಂತು. ನೋಡುತ್ತಾ ನಿಂತಂತೆ ೧೧.೯ ಆಯಿತು. ತುಂಬುವ ಬದಲು ಇಳಿಯುತ್ತಿತ್ತು.

ಎಲೆಕ್ಟ್ರಿಷಿಯನ್ ಬೆಲ್ಟ್ ಒತ್ತಿ ನೋಡಿದರು. ಅದು ಜೋಲು ಬಿದ್ದಿತ್ತು. ಆಲ್ಟರ್ನೇಟರಿನ ಹಿಂದಿನ ಒಂದು ವೈರಿನ ತುದಿ ಸುಟ್ಟು ಕಪ್ಪಾಗಿತ್ತು. ಹೊಸ ಬೆಲ್ಟ್ ಹಾಕಿದರು. ವೈರಿಗೆ ಹೊಸ ತುದಿ ಕೂಡಿಸಿದರು. ಖರ್ಚು ಬ್ಯಾಟರಿ ಬೆಲೆಯ ಎಷ್ಟೋ ಪಾಲು ಕಡಿಮೆ.

"ಅಂದ್ರ ನನ್ನ ಹಳೇ ಬ್ಯಾಟರಿ ಚಲೋನ ಇತ್ತೇನ್ರಿ?" ಎಂದು ಕಾಕಾ ಕೇಳಿದರು.

"ಇದ್ದರೂ ಇರಬಹುದು. ಈಗ ಹೇಳಾಕ ಬರಂಗಿಲ್ಲ" ಎಂದು ಎಲೆಕ್ಟ್ರಿಷಿಯನ್ ಹೇಳಿದರು.

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂಗಡಿಯವನ ನೆನಪು ಬಂತು. "ಅವ ಮೋಸ ಮಾಡಿದ್ದಿಲ್ಲ. ಗಾಡಿ ನೋಡಲಾರದ ಮಾರಿದ. ನಾನೂ ಕೇಳಲಾರದ ತಗೊಂಡೆ" ಎಂದರು.

ಹೊಸ ಬ್ಯಾಟರಿ ಕೊಳ್ಳಲೇಬೇಕಾದರೆ

ಎಲ್ಲ ಪರೀಕ್ಷೆ ಮಾಡಿದ ಮೇಲೆ ಬ್ಯಾಟರಿಯದೇ ದೋಷ ಎಂದು ತಿಳಿದರೆ ಹೊಸದು ಕೊಳ್ಳಿರಿ. ಆಗ ಓದು ನಿಮ್ಮ ಕೈ ಹಿಡಿಯುತ್ತದೆ.

• ಬಿಲ್ಲು ಕೇಳಿರಿ. ಅದರ ಮೇಲೆ ತಾರೀಖು, ಬ್ಯಾಟರಿಯ ನಂಬರು ಇರಲಿ. ಬ್ಯಾಟರಿಯ ಮೇಲಿನ ನಂಬರಿಗೂ ಬಿಲ್ಲಿನ ನಂಬರಿಗೂ ತಾಳೆ ನೋಡಿರಿ.
• ವಾರಂಟಿ ಕಾರ್ಡಿನ ಮೇಲೆ ಅಂಗಡಿಯ ಶಿಕ್ಕಾ, ಸಹಿ, ಮಾರಿದ ತಾರೀಖು ಹಾಕಿಸಿರಿ.
• ಕಾರ್ಡಿನ ಮೇಲೆ "೩೬ + ೩೬ ತಿಂಗಳು" ಎಂಬಂಥ ಬರಹ ಇರಬಹುದು. ಇದರ ಅರ್ಥ ೭೨ ತಿಂಗಳು ಪುಕ್ಕಟೆ ಎಂದಲ್ಲ. ಮೊದಲ ೩೬ ತಿಂಗಳಲ್ಲಿ ಬ್ಯಾಟರಿಯ ದೋಷದಿಂದ ಕೆಟ್ಟರೆ ಪುಕ್ಕಟೆ ಬದಲಿ. ಮುಂದಿನ ೩೬ ತಿಂಗಳಲ್ಲಿ ಕೆಟ್ಟರೆ ಹೊಸದರ ಬೆಲೆಯಲ್ಲಿ ಸ್ವಲ್ಪ ರಿಯಾಯಿತಿ ಮಾತ್ರ.
• ಬಾಡಿಗೆ ಗಾಡಿಗೆ ವಾರಂಟಿ ಕಡಿಮೆ ಇರಬಹುದು. ನಿಮ್ಮದು ಬಾಡಿಗೆ ಗಾಡಿ ಎಂದು ಮೊದಲೇ ಹೇಳಿ ಕೇಳಿರಿ.
• ಗಾಡಿಗೆ ಎಷ್ಟು ಆಂಪಿಯರ್-ಅವರ್ ಬ್ಯಾಟರಿ ಬೇಕು, ಪ್ಲಸ್ ಯಾವ ಬದಿಗೆ ಇರಬೇಕು, ಗಾಡಿಯ ಪುಸ್ತಕ ಅಥವಾ ಹಳೆಯ ಬ್ಯಾಟರಿ ನೋಡಿ ಬರೆದುಕೊಂಡು ಹೋಗಿರಿ.
• ಹೊಸದು ಹಾಕಿದ ದಿನವೇ ಎಂಜಿನ್ ಚಾಲು ಮಾಡಿಸಿ ಚಾರ್ಜಿನ ಅಂಕಿ ತೋರಿಸಲು ಹೇಳಿರಿ.

ನ್ಯಾಯವಾದ ವಾರಂಟಿ ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫ಕ್ಕೆ ಫೋನ್ ಮಾಡಬಹುದು. ಬಿಲ್ಲು, ಕಾರ್ಡು ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಹಳೆಯ ಬ್ಯಾಟರಿಯನ್ನು ಅಂಗಡಿಗೇ ಕೊಡಿರಿ, ಅದರ ಬೆಲೆ ಬಿಲ್ಲಿನಲ್ಲಿ ಕಳೆಯಿಸಿರಿ. ಹಳೆಯ ಬ್ಯಾಟರಿ ತಿರುಗಿ ಪಡೆಯುವ ಬಗ್ಗೆ ೨೦೦೧ರಲ್ಲಿ ನಿಯಮ ಬಂತು. ೨೦೨೨ರಲ್ಲಿ ಅದರ ಬದಲು ಹೊಸ ನಿಯಮ ಬಂದಿದೆ. ಮನೆಯಲ್ಲಿ ಒಡೆದು ಸೀಸ ತೆಗೆಯಬೇಡಿರಿ. ಸೀಸ ವಿಷ. ಅದರ ಧೂಳು, ಹೊಗೆ ಸಣ್ಣ ಮಕ್ಕಳ ಬುದ್ಧಿ ಬೆಳವಣಿಗೆಗೇ ಕುತ್ತು ತರುತ್ತದೆ. ಒಳಗಿನ ಆಸಿಡ್ ಹಿತ್ತಲಿಗೆ, ಬಾವಿಯ ಹತ್ತಿರ ಚೆಲ್ಲಬೇಡಿರಿ.

ಕೊನೆಯ ಮಾತು

ಬೆಲ್ಟ್ ಹಾಕಿದ ಮೇಲೆ ಕಾಕಾ ತಾವೇ ಮೀಟರ್ ಹಿಡಿದರು. ಕಣ್ಣು ಕಿರಿದು ಮಾಡಿ ಓದಿದರು. "ಹದಿನಾಲ್ಕು ಬಿಂದು ಎರಡು." ಆಮೇಲೆ ನನ್ನ ಕಡೆ ತಿರುಗಿ, "ಬಿಂದು ಆದಮ್ಯಾಲೆ ಸೊನ್ನಿ ಇಲ್ರಿ ಸರ, ನೋಡೇನಿ" ಎಂದರು.

ಈಗ ಅವರ ಜೀಪಿನ ಪೆಟ್ಟಿಗೆಯಲ್ಲಿ ಒಂದು ಸಣ್ಣ ವಹಿ ಇದೆ. ತಿಂಗಳಿಗೊಮ್ಮೆ ಅಂಕಿ ಬರೆದಿಡುತ್ತಾರೆ. ಅಂಕಿ ಇಳಿಯುತ್ತಾ ಬಂದರೆ ಗಾಡಿ ನಿಲ್ಲುವ ಮೊದಲೇ ಗೊತ್ತಾಗುತ್ತದೆ. ಮೊಮ್ಮಗಳು ಆ ಜೀಪಿನಲ್ಲಿಯೇ ಲಸಿಕೆಗೆ ಹೋಗಿ ಬರುತ್ತಾಳೆ.

ನೀವೂ ಇಂಥ ಒಂದು ವಹಿ ಇಡಿರಿ.

ನೆನಪಿಡಿರಿ

೧. ಮೊದಲು ಟರ್ಮಿನಲ್ ಮತ್ತು ನೀರು ನೋಡಿರಿ.
೨. ಗಾಡಿ ನಿಂತಾಗ ೧೨.೬, ಓಡುವಾಗ ೧೩.೮ರಿಂದ ೧೪.೫.
೩. ರಾತ್ರಿ ಮೈನಸ್ ಬಿಚ್ಚಿ ಕಳ್ಳನನ್ನು ಹಿಡಿಯಿರಿ.
೪. ಎಲ್ಲ ನೋಡಿದ ಮೇಲೆಯೇ ಹೊಸ ಬ್ಯಾಟರಿ ಕೊಳ್ಳಿರಿ.

ಪದಗಳ ಅರ್ಥ

ಟರ್ಮಿನಲ್ – ಬ್ಯಾಟರಿಗೆ ವೈರು ಕೂಡುವ ಗೂಟ
ವೋಲ್ಟ್ – ಕರೆಂಟಿನ ಒತ್ತಡದ ಅಳತೆ
ಆಂಪಿಯರ್ – ಹರಿಯುವ ಕರೆಂಟಿನ ಅಳತೆ
ಆಂಪಿಯರ್-ಅವರ್ – ಬ್ಯಾಟರಿ ಎಷ್ಟು ಕರೆಂಟು ಹಿಡಿಯುತ್ತದೆ ಎಂಬ ಅಳತೆ
ಡಿಸ್ಟಿಲ್ಡ್ ವಾಟರ್ – ಆವಿ ಮಾಡಿ ತಣಿಸಿದ, ಉಪ್ಪು ಇಲ್ಲದ ನೀರು
ವಾರಂಟಿ – ಮಾಲು ಕೆಟ್ಟರೆ ಬದಲಿಸಿ ಕೊಡುತ್ತೇವೆ ಎಂಬ ಬರಹದ ಮಾತು

ಅಭ್ಯಾಸ

ಅ) ಉತ್ತರ ಹೇಳಿರಿ.
೧. ಹರವಿ ಖಾಲಿ ಆಗಲು ನಾಲ್ಕು ಕಾರಣ ಯಾವುವು? ಗಾಡಿಯಲ್ಲಿ ಅವಕ್ಕೆ ಸಮನಾದವು ಯಾವುವು?
೨. ಬ್ಯಾಟರಿಯ ಹತ್ತಿರ ಕಡ್ಡಿ ಏಕೆ ಗೀರಬಾರದು?
೩. ಕಾಕಾನ ಹೊಸ ಬ್ಯಾಟರಿ ಏಕೆ ನಿಲ್ಲಲಿಲ್ಲ?

ಆ) ಬಿಟ್ಟ ಜಾಗ ತುಂಬಿರಿ.
೧. ಬ್ಯಾಟರಿ ಬಿಚ್ಚುವಾಗ ಮೊದಲು ________ ಬಿಚ್ಚಬೇಕು.
೨. ಬ್ಯಾಟರಿಗೆ ________ ವಾಟರ್ ಮಾತ್ರ ಹಾಕಬೇಕು.
೩. ಕಣ್ಣಿಗೆ ಆಸಿಡ್ ಬಿದ್ದರೆ ________ ನಿಮಿಷ ನೀರಿನಿಂದ ತೊಳೆಯಬೇಕು.

ಇ) ಈ ಅಂಕಿಗಳನ್ನು ಗಟ್ಟಿಯಾಗಿ ಓದಿರಿ. ಗಾಡಿಯ ಸ್ಥಿತಿ ಹೇಳಿರಿ.
ಗಾಡಿ ನಿಂತಾಗ: ೧೨.೬೦, ೧೨.೦೬, ೧೦.೫
ಗಾಡಿ ಓಡುವಾಗ: ೧೪.೧, ೧೨.೧, ೧೫.೪

ಈ) ಲೆಕ್ಕ ಮಾಡಿರಿ.
ಒಬ್ಬರು ೨೦೨೪ ಜೂನ್ ೧೦ರಂದು ಬ್ಯಾಟರಿ ಕೊಂಡರು. ಕಾರ್ಡಿನ ಮೇಲೆ "೩೬ + ೩೬ ತಿಂಗಳು" ಎಂದಿದೆ. ಪುಕ್ಕಟೆ ಬದಲಿಯ ಅವಧಿ ಯಾವ ವರ್ಷ, ಯಾವ ತಿಂಗಳು ಮುಗಿಯುತ್ತದೆ?

ಉ) ಮನೆಯಲ್ಲಿ ಮಾಡಿರಿ.
ನಿಮ್ಮ ಮನೆಯಲ್ಲಿರುವ ಯಾವುದಾದರೂ ಒಂದು ವಾರಂಟಿ ಕಾರ್ಡು ತೆಗೆಯಿರಿ. ಅದು ಮಿಕ್ಸರಿನದಾಗಲಿ, ಪಂಪಿನದಾಗಲಿ, ಬ್ಯಾಟರಿಯದಾಗಲಿ. ಕೊಂಡ ತಾರೀಖು, ಅವಧಿ, ಅಂಗಡಿಯ ಶಿಕ್ಕಾ ಇವೆಯೇ ನೋಡಿರಿ. ಮುಂದಿನ ವರ್ಗಕ್ಕೆ ಬರುವಾಗ ಅದನ್ನು ಜೊತೆಗೆ ತನ್ನಿರಿ. ಎಲ್ಲರೂ ಕೂಡಿ ಓದೋಣ.